ಮೈಕಿನಿಂದ ಕುರ್ಚಿಯವರೆಗೆ

ನಮ್ಮ ನಿವೃತ್ತ ಶಿಕ್ಷಕರ ಬಳಗದ ವಾರ್ಷಿಕೋತ್ಸವದ ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ, ಅಲಂಕರಿಸಿದ ಮರುಗಳಿಗೆಯೇ ಅದರೊಳಗೆ ಅರ್ಧ ಮುಳುಗಿರುವ ಶ್ರೀ ವಿಶ್ವಾರಾಧ್ಯ ಸರ್ ಅವರೇ, ಆಳಂದದಿಂದ ಬಸ್ಸಿನಲ್ಲಿ ನಿಂತೇ ಬಂದು, ಇಲ್ಲಿ ಕುರ್ಚಿ ಸಿಕ್ಕ ಆನಂದಕ್ಕೆ ಕಣ್ಣು ಮುಚ್ಚಿಕೊಂಡಿರುವ ಮುಖ್ಯ ಅತಿಥಿಗಳೇ, ಈ ದಿನದ ಸನ್ಮಾನಿತರೂ, ಒಂದು ಕಾಲಕ್ಕೆ ನನ್ನ ಶಿಷ್ಯೆಯೂ, ಸದ್ಯಕ್ಕೆ ನನ್ನ ಗುರುವೂ ಆದ ಡಾಕ್ಟರ್ ಅಮೀರುನ್ನಿಸಾ ಅವರೇ, ಮುಂದಿನ ಸಾಲಿನಲ್ಲಿ ಕುಳಿತು, ಕಣ್ಣಿನ ಚಾಳೀಸನ್ನು ಚೀಲದಲ್ಲೇ ಇಟ್ಟುಕೊಂಡು, “ನೋಡೂವಂಥಾದ್ದು ಬಂದಾಗ ಹೇಳಪಾ, ಹಾಕ್ಕೋತೇನಿ” ಎಂದು ನನಗೆ ಮೊದಲೇ ತಿಳಿಸಿರುವ ನನ್ನ ತಾಯಿ ಬಾಳಮ್ಮನವರೇ, ಮತ್ತು ಹಿಂದಿನ ಬಾಗಿಲಿನಿಂದ ಬದನೆಕಾಯಿ ಪಲ್ಯದ ವಾಸನೆ ಬರುತ್ತಿದ್ದರೂ ಮುಂದಕ್ಕೇ ಮುಖ ಮಾಡಿ ಕುಳಿತಿರುವ ಮಹಾ ಸಂಯಮಿಗಳಾದ ಸಭಿಕರೇ,

ಅಭಿನಂದನಾ ನುಡಿ ಆಡುವ ಭಾಗ್ಯ ನನಗೆ ಬಂದಿದೆ. ನಾನು ಪರಮೇಶ. ಹಾಗೆಂದರೆ ನಮ್ಮ ಓಣಿಯವರಿಗೂ ಗುರುತು ಸಿಗುವುದಿಲ್ಲ. ‘ಸಾವಧಾನ್ ಮಾಸ್ತರ’ ಎಂದರೆ ನೆಲೋಗಿಯಿಂದ ಇಜೇರಿಯವರೆಗೆ ಮಲಗಿದ ನಾಯಿಯೂ ಎದ್ದು ನಿಲ್ಲುತ್ತದೆ. ಈ ಸಭೆಯಲ್ಲಿ ನನ್ನ ಕೈಯಲ್ಲಿ ಪಿ.ಟಿ. ಕಲಿತವರು ಬೇಕಾದಷ್ಟು ಮಂದಿ ಇದ್ದೀರಿ. ನಾನು ಮೈಕು ಹಿಡಿದ ಕೂಡಲೇ ನಿಮ್ಮ ಬೆನ್ನು ತಾನಾಗಿ ನೆಟ್ಟಗಾದದ್ದನ್ನು ನಾನು ಗಮನಿಸಿದ್ದೇನೆ. ಡಾಕ್ಟರಮ್ಮ ಅದನ್ನು ಗಮನಿಸಿ ತಲೆ ಅಲ್ಲಾಡಿಸಿದ್ದನ್ನೂ ಗಮನಿಸಿದ್ದೇನೆ.

ಮುಂದೆ ಹೋಗುವ ಮುನ್ನ ಒಂದು ಸ್ಪಷ್ಟೀಕರಣ. ನನ್ನ ಕುರ್ಚಿ ಮೊದಲು ಈ ಮೈಕಿನ ಮಗ್ಗುಲಲ್ಲೇ ಇತ್ತು. ನಾನು ಮಾತಿಗೆ ಎದ್ದದ್ದೇ ತಡ, ಡಾಕ್ಟರಮ್ಮ ಅದನ್ನು ಎತ್ತಿಸಿ ವೇದಿಕೆಯ ಆ ತುದಿಗೆ ಇಡಿಸಿದ್ದಾರೆ. ನೋಡಿ, ಅಲ್ಲಿ ಕಾಣುತ್ತಿದೆ, ಒಂಟಿಯಾಗಿ, ಜಿಲ್ಲಾ ಗಡಿಯ ಹತ್ತಿರ. ಇದು ಅವಮಾನವಲ್ಲ, ಪರೀಕ್ಷೆ. ಭಾಷಣ ಮುಗಿದ ಮೇಲೆ ನಾನು ಇಲ್ಲಿಂದ ಅಲ್ಲಿಗೆ ನಿಮ್ಮೆಲ್ಲರ ಎದುರಿಗೆ ನಡೆದು ಹೋಗಬೇಕು. ಪರೇಡಿನ ಹೆಜ್ಜೆಯಲ್ಲಿ ಅಲ್ಲ, ನನ್ನ ಸ್ವಂತ ನಡಿಗೆಯಲ್ಲಿ. ಇಷ್ಟೇನಾ ಎಂದು ನಗುತ್ತೀರಿ. ನಗಿ. ಪಾಸಾದರೆ ಸೊಂಟ ನನ್ನದು, ನಪಾಸಾದರೆ ಕೋಲು ನನ್ನದು ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾರೆ. ಆದ್ದರಿಂದ ಭಾಷಣ ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು. ನಡೆಯುವುದಕ್ಕಿಂತ ಮಾತಾಡುವುದು ನನಗೆ ಸುಲಭ.

ಸಭಿಕರೇ, ಡಾಕ್ಟರ್ ಎಂದರೆ ಯಾರು? ಸೂಜಿ ಚುಚ್ಚುವವರು. ಗುಳಿಗೆ ಬರೆಯುವವರು. ಎಕ್ಸರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು “ಹ್ಞೂಂ” ಎನ್ನುವವರು. ಈ ಮೂರೂ ಮಾಡದವರನ್ನು ಡಾಕ್ಟರ್ ಎಂದು ನಮ್ಮ ತಾಲೂಕು ಹೇಗೆ ಒಪ್ಪೀತು? ಅಮೀರುನ್ನಿಸಾ ಅವರು ಫಿಜಿಯೋಥೆರಪಿ ಓದಿ ಬಂದು, ಹಳೇ ಬಸ್ ನಿಲ್ದಾಣದ ಹಿಂದೆ, ತಮ್ಮ ತಂದೆ ಆಫ್ತಾಬ ಟೇಲರ್ ಅವರ ಅಂಗಡಿಯಲ್ಲೇ ದವಾಖಾನೆ ತೆರೆದಾಗ ಜನ ಒಳಗೆ ಇಣುಕಿ ನೋಡಿದರು. ಏನಿತ್ತು ಅಲ್ಲಿ? ಟೇಲರ್ ಅಂಗಡಿಯ ಆಳೆತ್ತರದ ಕನ್ನಡಿ. ಗೋಡೆಯ ಮೇಲೆ ಚೌಕ ಚೌಕ ಗೀಟು. ಬಾಗಿಲ ಚೌಕಟ್ಟಿನಿಂದ ಇಳಿಬಿಟ್ಟ ಒಂದು ದಾರ, ದಾರದ ತುದಿಗೆ ಗೌಂಡಿಗಳು ಗೋಡೆ ಸೊಟ್ಟಗಿದೆಯೇ ನೋಡಲು ಬಿಡುವಂಥ ತೂಕದ ಗುಂಡು. “ಇದೇನ್ರಿ, ಮಂದಿಗೆ ಔಷಧಾ ಕೊಡ್ತಾರೋ, ಮನಿ ಕಟ್ತಾರೋ?” ಎಂದು ಜನ ಕೇಳಿದರು. ಕೆಲವು ದಿನ ‘ಗೌಂಡಿ ಡಾಕ್ಟರಮ್ಮ’ ಎಂಬ ಬಿರುದೂ ಇತ್ತು. ಬಿರುದು ಕೊಟ್ಟವರು ಯಾರೆಂದು ನಾನು ಹೇಳುವುದಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಬಾರದು.

ಅವರು ಮಾಡುವುದಾದರೂ ಏನು? ನೋಡುತ್ತಾರೆ. ನೀವು ಹೇಗೆ ನಿಲ್ಲುತ್ತೀರಿ, ಹೇಗೆ ಕೂರುತ್ತೀರಿ, ಹೇಗೆ ಬಾಗುತ್ತೀರಿ, ನಡೆವಾಗ ಯಾವ ಕೈ ಹೆಚ್ಚು ಬೀಸುತ್ತೀರಿ. ನೀವು ಆಟೋದಿಂದ ಇಳಿಯುವಾಗ ಅವರು ಕಿಟಕಿಯಲ್ಲಿ ನಿಂತಿರುತ್ತಾರೆ. ನೀವು ಚಪ್ಪಲಿ ಬಿಟ್ಟು ಒಳಗೆ ಹೋದರೆ ಅವರು ಹೊರಗೆ ಬಂದು ಚಪ್ಪಲಿ ತಿರುವಿ ನೋಡುತ್ತಾರೆ, ಅಟ್ಟೆ ಎಲ್ಲಿ ಸವೆದಿದೆ ಎಂದು. ಅಫಜಲಪುರ ಕಡೆಯ ಒಬ್ಬ ಹೆಣ್ಣುಮಗಳು ಕುತ್ತಿಗೆ ನೋವೆಂದು ಬಂದಳು. ಎಲ್ಲರೂ ಕುತ್ತಿಗೆ ನೋಡಿ ಕಳಿಸಿದ್ದರು. ಇವರು ಒಂದು ತುಂಬಿದ ಕೊಡ ತರಿಸಿ, “ಎತ್ತಿಕೋ ಬೇ” ಎಂದರು. ಆಕೆ ಎತ್ತಿ ಎಡ ಟೊಂಕದ ಮೇಲೆ ಇಟ್ಟುಕೊಂಡಳು. ಹುಟ್ಟಿದಾಗಿನಿಂದ ಅದೇ ಟೊಂಕ. ಟೊಂಕ ಎಡಕ್ಕೆ ಜರುಗಿ, ಬೆನ್ನು ಬಲಕ್ಕೆ ಜರುಗಿ, ಪಾಪ, ಕುತ್ತಿಗೆ ಇಬ್ಬರ ಜಗಳ ಬಿಡಿಸಲು ನಡುವೆ ನಿಂತಿತ್ತು. ಪೆಟ್ಟು ಬಿದ್ದದ್ದು ಅದಕ್ಕೆ. “ನೋವು ಇದ್ದಲ್ಲಿ ತಪ್ಪು ಇರಬೇಕಂತಿಲ್ಲರಿ, ಅಳೂ ಹುಡುಗ ಬ್ಯಾರೆ, ಚಿವುಟಿದ ಹುಡುಗ ಬ್ಯಾರೆ” ಎನ್ನುತ್ತಾರೆ ಡಾಕ್ಟರಮ್ಮ. ಶಾಲೆಯಲ್ಲಿ ಕೆಲಸ ಮಾಡಿದ ನಮಗೆ ಇದಕ್ಕಿಂತ ಚೆನ್ನಾಗಿ ಯಾರು ವಿವರಿಸಿಯಾರು?

ಈ ವಿದ್ಯೆಯನ್ನು ಅವರು ಎಲ್ಲಿ ಕಲಿತರು? ದೊಡ್ಡ ಕಾಲೇಜಿನಲ್ಲಿ ಎಂದು ಆಮಂತ್ರಣ ಪತ್ರಿಕೆ ಹೇಳುತ್ತದೆ. ತಪ್ಪು. ನಮ್ಮ ಹೈಸ್ಕೂಲಿನ ಬೇವಿನ ಮರದ ಕೆಳಗೆ. ನಾನೇ ಸಾಕ್ಷಿ. ಚಿಕ್ಕಂದಿನಲ್ಲಿ ಅವರಿಗೆ ದಮ್ಮು. ಓಡುವಂತಿರಲಿಲ್ಲ. ಪಿ.ಟಿ. ಪಿರಿಯಡ್ಡಿನಲ್ಲಿ ನಾನು ಅವರನ್ನು ಬೇವಿನ ಮರದ ಕಟ್ಟೆಯ ಮೇಲೆ ಕೂರಿಸುತ್ತಿದ್ದೆ. ಒಂದು ದಿನ ಪರೇಡಿನ ನಡುವೆ ನೋಡಿದರೆ ಈ ಹುಡುಗಿ ಕಣ್ಣು ಕಿರಿದು ಮಾಡಿ ನಮ್ಮ ಕಡೆಯೇ ನೋಡುತ್ತಿದ್ದಾಳೆ.

“ಏನ್ ನೋಡಾಕತ್ತಿ ಬೇ?” ಎಂದೆ.

“ಎಲ್ಲಾರ ಕಾಲು ನೋಡಾಕತ್ತೇನ್ರಿ ಸರ. ಶಾಂತಕುಮಾರನ ಎಡಗಾಲು ಹೊರಗ ಬೀಳ್ತದ್ರಿ.”

ಹೋಗಿ ನೋಡಿದೆ. ಹೊರಗೇ ಬೀಳುತ್ತಿತ್ತು. ಎಷ್ಟು ವರ್ಷದಿಂದ ಬೀಳುತ್ತಿತ್ತೋ! ನಾನು ಆ ಹುಡುಗನಿಗೆ ‘ಎಡ’ ಎಂದು ಕೂಗುತ್ತಿದ್ದೆ, ಅವನು ಎಡಗಾಲು ಇಡುತ್ತಿದ್ದ, ನಮ್ಮಿಬ್ಬರ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು. ಅದು ಎಲ್ಲಿ ಬಿತ್ತು ಎಂದು ಯಾರು ನೋಡುತ್ತಾರೆ? ಆದ್ದರಿಂದ ಹೇಳುತ್ತೇನೆ, ಈ ಸನ್ಮಾನದ ಶಾಲಿನಲ್ಲಿ ಒಂದು ಅಂಚು ಆ ಬೇವಿನ ಕಟ್ಟೆಗೆ, ಇನ್ನೊಂದು ಅಂಚು ಅಲ್ಲಿ ಕೂರಿಸಿದ ನನಗೆ ಸಲ್ಲಬೇಕು. ಉಳಿದದ್ದು ಡಾಕ್ಟರಮ್ಮನಿಗೆ.

ಈಗ ನಾನು ಅವರ ಕೈಗೆ ಸಿಕ್ಕ ಕಥೆ. ನಿಮಗೆ ಗೊತ್ತಿರುವಂತೆ, ಸೆಪ್ಟೆಂಬರ್ ಹದಿನೇಳರಂದು ನಮ್ಮ ಕಲ್ಯಾಣ ಕರ್ನಾಟಕದ ಉತ್ಸವ. ಊರ ಮೈದಾನದಲ್ಲಿ ಧ್ವಜಾರೋಹಣ, ಶಾಲೆ ಮಕ್ಕಳ ಪರೇಡ್. ಆ ಪರೇಡಿನ ಹುಕುಂ ಕೊಡುವವನು ನಾನು. ನಿವೃತ್ತನಾದ ಮೇಲೂ ನಾನೇ. ಯಾಕೆ? ಮೈಕಿಲ್ಲದೆ ಮೈದಾನದ ಆ ತುದಿಗೆ ಮುಟ್ಟುವ ಗಂಟಲು ತಾಲೂಕಿನಲ್ಲಿ ಬೇರೆ ಹುಟ್ಟಿಲ್ಲ. ಮತ್ತು ಸಾವಧಾನ್‌ನಲ್ಲಿ ನಿಂತರೆ ನಾನು ಕಂಬ. ಮೊಣಕಾಲು ಹಿಂದಕ್ಕೆ ಬಿಗಿ, ಎದೆ ಮುಂದಕ್ಕೆ, ಗದ್ದ ಮೇಲಕ್ಕೆ. ಧ್ವಜದ ಕಂಬ ಯಾವುದು, ಪರಮೇಶ ಮಾಸ್ತರ ಯಾವುದು ಎಂದು ಕಾಗೆಗಳಿಗೂ ಅನುಮಾನ.

ಹೋದ ವರ್ಷ ಬಿಸಿಲು ಜೋರಿತ್ತು. ಅತಿಥಿಗಳ ಭಾಷಣ ಬಿಸಿಲಿಗಿಂತ ಜೋರಿತ್ತು. ನಾನು ಸಾವಧಾನ್‌ನಲ್ಲಿ ನಿಂತಿದ್ದೆ. ವಿಶ್ರಾಮ್ ಕೊಡಬೇಕಾದವನೂ ನಾನೇ, ಆದರೆ ಭಾಷಣದ ನಡುವೆ ಕೊಡುವುದು ಹೇಗೆ? ನಿಂತೆ, ನಿಂತೆ, ನಿಂತೇ ಇದ್ದೆ. ಮೈದಾನ ಹಳದಿಯಾಯಿತು, ಆಮೇಲೆ ಕಪ್ಪಾಯಿತು. ಕಡಿದ ಜಾಲಿ ಮರದಂತೆ, ಎಲ್ಲೂ ಬಾಗದೆ, ಉದ್ದಕ್ಕೆ ಬಿದ್ದೆನಂತೆ. ಬೀಳುವಾಗಲೂ ಕೈ ತೊಡೆಗೆ ಹತ್ತಿಕೊಂಡೇ ಇತ್ತು ಎಂದು ನೋಡಿದವರು ಹೊಗಳುತ್ತಾರೆ. ಅದಕ್ಕಿಂತ ಹೆಮ್ಮೆಯ ವಿಷಯವೆಂದರೆ, ನನ್ನ ಹಿಂದೆ ಮೊದಲ ಸಾಲಿನಲ್ಲಿದ್ದ ಮಕ್ಕಳೂ ಮಲಗಿಬಿಟ್ಟರು! ‘ಮುಂದಿನವ ಮಾಡಿದಂಗ ಮಾಡ್ರಿ’ ಎಂದು ಕಲಿಸಿದವನು ನಾನು. ಅವರು ಹೊಸ ಕವಾಯತು ಎಂದುಕೊಂಡರು. ಶಿಸ್ತು ಎಂದರೆ ಅದು. ಅತಿಥಿಗಳು ಮಾತ್ರ ಭಾಷಣ ನಿಲ್ಲಿಸಲಿಲ್ಲ.

ಅಂದು ಬಿದ್ದ ಮೇಲೆ ಸೊಂಟ ಹಿಡಿಯಿತು. ನಿಜ ಹೇಳಬೇಕೆಂದರೆ ಅದು ಮೊದಲೇ ಹಿಡಿದಿತ್ತು, ಬಿದ್ದದ್ದು ಒಂದು ನೆಪ. ಎಣ್ಣೆ ತಿಕ್ಕಿದರು. ಬೆಲ್ಟು ಬಿಗಿದರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಸೊಂಟದ ಉಳುಕು ಹೋಗುತ್ತದೆಂಬ ನಮ್ಮ ಕಡೆಯ ಶಾಸ್ತ್ರ ನಿಮಗೆ ಗೊತ್ತಲ್ಲ, ಅದನ್ನೂ ಮಾಡಿದೆವು. ಹುಡುಕಿದರೆ ಸಿಕ್ಕವನು ಇಜೇರಿಯಲ್ಲಿರುವ ನನ್ನದೇ ಹಳೆಯ ವಿದ್ಯಾರ್ಥಿ. ಮೈದಾನ ಸುತ್ತಿಸಿ ಸುತ್ತಿಸಿ ನಾನು ಬೆವರಿಳಿಸಿದ ಹುಡುಗ. “ಗುರುಗಳಿಗೆ ಕಾಲು ಹಚ್ಚೋದು ಪಾಪ ಅಲ್ಲೇನ್ರಿ ಸರ?” ಎಂದು ಕೈ ಮುಗಿದು, ಕಣ್ಣು ಮುಚ್ಚಿ, ಶಿವನೇ ಎಂದು ಎರಡು ಸಲ ಒದ್ದ. ಶಾಸ್ತ್ರದಲ್ಲಿರುವುದು ಒಂದೇ ಸಲ. ಇನ್ನೊಂದು ಯಾವುದಕ್ಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ನಡುವೆ ಉತ್ಸವ ಸಮಿತಿಯವರು ಮನೆಗೆ ಬಂದು ಬಹಳ ಮರ್ಯಾದೆಯಿಂದ, “ಈ ಸಲ ಹುಕುಂ ನಮ್ಮ ಕಲ್ಯಾಣಕುಮಾರ ಕೊಡ್ಲಿ ಬಿಡ್ರಿ ಮಾಸ್ತರ, ನೀವು ನೆರಳಾಗ ಕುಂದರ್ರಿ” ಎಂದರು. ಕಲ್ಯಾಣಕುಮಾರ ನನ್ನ ಜಾಗಕ್ಕೆ ಬಂದ ಹೊಸ ಪಿ.ಟಿ. ಶಿಕ್ಷಕ. ಒಳ್ಳೆಯ ಹುಡುಗ, ಅಗೋ ಅಲ್ಲಿ ಕೂತಿದ್ದಾನೆ. ಆದರೆ ನೆರಳಿನಲ್ಲಿ ಕೂರು ಎಂದರೆ ಏನರ್ಥ? ಅದು ನಿವೃತ್ತಿಗಿಂತ ದೊಡ್ಡ ನಿವೃತ್ತಿ. ನನ್ನ ಹೆಂಡತಿ ಜಯಮಾಲಾ ಅಂದಳು, “ಸಿಟ್ಟು ಮಾಡಿದ್ರ ಸೊಂಟ ನೆಟ್ಟಗಾಗ್ತದೇನು? ಆ ಅಮೀರುನ್ನಿಸಾ ಬಾಯಿ ಕಡೆ ನಡೀರಿ.”

ಹೋದೆವು. ನಾನು ಗೌರವದಿಂದ ಪಾಲಿಶ್ ಮಾಡಿದ ಹೊಸ ಬೂಟು ಹಾಕಿಕೊಂಡು ಹೋದೆ. ಡಾಕ್ಟರಮ್ಮ ಬೂಟು ನೋಡಿ, “ಇದು ಏನೂ ಹೇಳಂಗಿಲ್ಲ, ಹಳೇವು ತರ್ರಿ” ಎಂದರು. ಜಯಮಾಲಾ ಚೀಲದಿಂದ ನನ್ನ ಹಳೇ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟಳು. ಇವರಿಬ್ಬರೂ ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ಚಪ್ಪಲಿಯ ಹಿಮ್ಮಡ ತಳ ಕಾಣುವಷ್ಟು ಸವೆದಿತ್ತು, ಮುಂದಿನ ಭಾಗ ಹೊಸದರಂತೆ ಇತ್ತು.

ನನ್ನನ್ನು ದಾರದ ಪಕ್ಕ ನಿಲ್ಲಿಸಿದರು. ನಿಂತೆ. ಹೇಗೆ ನಿಲ್ಲಬಲ್ಲೆನೋ ಹಾಗೆ.

“ಸರ, ವಿಶ್ರಾಮ್.”

ಕಾಲು ಅಗಲ ಮಾಡಿ, ಕೈ ಹಿಂದೆ ಕಟ್ಟಿ, ವಿಶ್ರಾಮ್ ನಿಂತೆ.

“ಅದು ವಿಶ್ರಾಮ್ ಅಲ್ರಿ ಸರ. ಅದು ಕಾಲು ಅಗಲ ಮಾಡಿದ ಸಾವಧಾನ್.”

ಸಭಿಕರೇ, ಇಡೀ ಜೀವನ ನಾನು ಈ ಎರಡೇ ಶಬ್ದಗಳಿಂದ ಉಂಡವನು. ಅದರಲ್ಲಿ ಒಂದು ಶಬ್ದದ ಅರ್ಥ ನನಗೆ ಗೊತ್ತಿಲ್ಲ ಎಂದು ಒಂದು ನಿಮಿಷದಲ್ಲಿ ತೀರ್ಪಾಯಿತು.

“ನಡೀರಿ ಸರ, ಕನ್ನಡಿ ತನಕ.” ನಡೆದೆ. “ಹಂಗಲ್ಲರಿ. ಪರೇಡ್ ಬ್ಯಾಡ. ಮನ್ಯಾಗ ಬಚ್ಚಲಕ್ಕ ಹೋಗುವಾಗ ಹೆಂಗ ನಡೀತೀರಿ, ಹಂಗ.” ಜಯಮಾಲಾ ಮೂಲೆಯಿಂದ ಅಂದಳು, “ಬಚ್ಚಲಕ್ಕೂ ಹಂಗ ಹೋಗ್ತಾರ್ರೀ ಬಾಯಿ. ಬಾಗಲದಾಗ ಹೊಳ್ಳೂದ್ ನೋಡ್ಬೇಕು ನೀವು, ಧ್ವಜಾ ಹಿಡದವರಂಗ.”

ಡಾಕ್ಟರಮ್ಮ ನಗಲಿಲ್ಲ. ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೊಣಕಾಲಿನ ಹಿಂದೆ ಕೈಯಿಟ್ಟು, “ಇವನ್ನ ಹಿಂದಕ್ಕ ಒಗದು ಕೀಲಿ ಹಾಕ್ತೀರಿ. ಕೀಲಿ ಹಾಕಿದ್ರ ಹೊಟ್ಟಿ ಮುಂದ ಬರ್ತದ, ಅದಕ್ಕ ಬೆನ್ನು ಹಿಂದ ಎಳೀತದ, ಅದಕ್ಕ ಕುತ್ತಿಗಿ ಮ್ಯಾಲ ಏಳ್ತದ. ನಿಂತಾಗ ರಗತ ಮ್ಯಾಲ ಹತ್ತಂಗಿಲ್ಲ. ಬಿಸಿಲಾಗ ಬಿದ್ದದ್ದು ಬಿಸಿಲಿಗಲ್ರಿ ಸರ, ಈ ಕೀಲಿಗೆ. ಹಿಂಗ ಬಿಟ್ರ ಬರೂ ವರ್ಷ ಕೋಲು ಹಿಡೀತೀರಿ” ಎಂದರು. ಆಮೇಲೆ ಮೆಲ್ಲಗೆ, “ನಾ ಬೇವಿನ ಗಿಡದ ಕೆಳಗ ಕುಂತಾಗೇ ಇದನ್ನ ನೋಡಿದ್ದೆರಿ” ಎಂದು ಸೇರಿಸಿದರು.

“ಆವಾಗೇ ಯಾಕ ಹೇಳಲಿಲ್ಲವಾ?”

“ಸಾವಧಾನ್‌ದಾಗ ಮಾತಾಡಬಾರ್ದಂತ ಹೇಳಿದ್ರಲ್ರಿ ಸರ.”

ಕೀಲಿ ತೆಗೆಯಲು ಎಷ್ಟೋ ವಾರ ಯತ್ನಿಸಿದರು. ಹಾಸಿಗೆಯ ಮೇಲೆ ಮಲಗಿಸಿ, ಗೋಡೆಗೆ ಒರಗಿಸಿ, ಬಾಗಿಸಿ, ಎಬ್ಬಿಸಿ. ದವಾಖಾನೆಯಲ್ಲಿ ಮೊಣಕಾಲು ಸಡಿಲ. ಹೊರಗೆ ಬಂದು ಯಾರಾದರೂ “ನಮಸ್ಕಾರ್ರೀ ಸರ” ಎಂದ ಕೂಡಲೇ ಟಕ್! ಮತ್ತೆ ಕೀಲಿ. ಕೊನೆಗೆ ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವಾಗಿ ಕಂಡಿತು. “ಸರ, ನೀವು ಪಿ.ಟಿ. ಮಾಸ್ತರ ಆಗೂಕಿಂತ ಮೊದಲ ಹೆಂಗ ನಡೀತಿದ್ರಿ? ಅದನ್ನ ನೋಡಿದವರು ಯಾರರ ಅದಾರೇನು?”

ಯಾರಿದ್ದಾರೆ? ನನ್ನವ್ವ ಇದ್ದಾಳೆ. ನೆಲೋಗಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಮಹಾರಾಣಿಯ ಹಾಗೆ ಇದ್ದಾಳೆ. ಆ ಭಾನುವಾರ ಹೋದೆ. ಅವ್ವ ಅಂಗಳದಲ್ಲಿ ಕೌದಿ ಬಿಸಿಲಿಗೆ ಹಾಕುತ್ತಿದ್ದಳು. “ಅವ್ವಾ, ನಾ ಸಣ್ಣಾವ ಇದ್ದಾಗ ಹೆಂಗ ನಡೀತಿದ್ದೆ?” ಎಂದು ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ನೋಡಿದಳು.

“ನಿಮ್ಮಪ್ಪನಂಗ ನಡೀತಿದ್ದಿ ಲೇ. ಹಿಂದಿನಿಂದ ನೋಡಿದ್ರ ದೊಡ್ಡ ಬೀರಣ್ಣ, ಸಣ್ಣ ಬೀರಣ್ಣ. ಹೈಸ್ಕೂಲಿಗೆ ಹೋದಮ್ಯಾಲ ಯಾಕೋ ಬಿಟ್ಟಿ.”

ನಮ್ಮ ಅಪ್ಪ ಬೀರಣ್ಣ ಜೇವರ್ಗಿ ಗಂಜಿನಲ್ಲಿ, ಕಾಳಿನ ಮಾರುಕಟ್ಟೆಯಲ್ಲಿ, ಹಮಾಲ. ತೊಗರಿ ಚೀಲ ಬೆನ್ನ ಮೇಲೆ ಹಾಕಿಕೊಂಡು ಹಲಗೆ ಹತ್ತಿ ಲಾರಿಗೆ ಇಳಿಸುತ್ತಿದ್ದ. ಚೀಲ ಇಲ್ಲದಾಗಲೂ ಚೀಲ ಇದ್ದವನಂತೆಯೇ ನಡೆಯುತ್ತಿದ್ದ. ಮೊಣಕಾಲು ಒಂದಿಷ್ಟು ಮಡಚಿ, ತಲೆ ಮುಂದೆ ಮಾಡಿ, ಕೈ ಅಗಲಿಸಿ, ತೂಗುತ್ತ. ಹೈಸ್ಕೂಲಿನಲ್ಲಿ ನನ್ನ ಹಿಂದೆ ಯಾರೋ ನಾಲ್ಕು ಹುಡುಗರು ಹಾಗೇ ತೂಗುತ್ತ ನಡೆದರು. ಉಳಿದವರು ನಕ್ಕರು. ಅಷ್ಟೇ. ಅದೇನು ದೊಡ್ಡ ವಿಷಯವಲ್ಲ. ಹುಡುಗರು ನಗುತ್ತಾರೆ. ಅದಾದ ಮೇಲೆ ನಾನು ಎನ್‌ಸಿಸಿ ಸೇರಿದೆ, ಎದೆ ಮುಂದೆ ಬಂತು, ನೌಕರಿ ಬಂತು. ನಗು ನಿಂತಿತು. ಇದರಲ್ಲಿ ವಿಶೇಷವೇನಿದೆ?

ನಾನು ಮೊದಲ ಸಲ ಸೆಪ್ಟೆಂಬರ್ ಹದಿನೇಳರ ಪರೇಡ್ ನಡೆಸಿದ ದಿನ ಅಪ್ಪ ನೋಡಲು ಬಂದಿದ್ದ. ಗಂಜಿನಿಂದ ನೇರ ಬಂದವನು, ಹೆಗಲ ಮೇಲೆ ಚೀಲದ ಧೂಳು ಹಾಗೇ ಇತ್ತು. ಮೈದಾನದ ಎಡಗಡೆ ಹಗ್ಗ ಹಿಡಿದು ನಿಂತಿದ್ದ. ಗಣ್ಯರು ಬಲಗಡೆ. ಅಲ್ಲಿಗೆ ಬಂದಾಗ ‘ದಾಹಿನೇ ದೇಖ್’ ಎಂದು ನಾನು ಹುಕುಂ ಕೊಡಬೇಕು, ಎಲ್ಲರೂ ಬಲಕ್ಕೆ ನೋಡಬೇಕು. ನಾನೂ ಬಲಕ್ಕೆ ನೋಡಿದೆ. ಅದು ನಿಯಮ. ಪರೇಡಿನಲ್ಲಿ ಎಡಕ್ಕೆ ನೋಡುವ ಹುಕುಂ ಇದ್ದರೂ ಅಂದು ಅದಕ್ಕೆ ಕಾರಣವಿರಲಿಲ್ಲ. ಯಾರನ್ನು ಬೇಕಾದರೂ ಕೇಳಿ, ನಿಯಮ ಅದೇ.

ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಎಲ್ಲಿಂದಲೋ ಬಂತು. ನೀರು ಇದೆಯೇ? ಇರಲಿ, ಬೇಡ.

ಎಲ್ಲಿದ್ದೆ? ಹಾಂ, ನೆಲೋಗಿಯ ಅಂಗಳ. ಅವ್ವ ಏನು ಮಾಡಿದಳು ಗೊತ್ತೇ? ಬಿಸಿಲಿಗೆ ಹಾಕಿದ ಕೌದಿಯನ್ನು ಮಡಚಿ ತನ್ನ ಬೆನ್ನ ಮೇಲೆ ಹಾಕಿಕೊಂಡು, ಬಾಗಿಲಿಂದ ಬಾವಿಯವರೆಗೆ ಅಪ್ಪನ ಹಾಗೆ ನಡೆದು ತೋರಿಸಿದಳು! ಈ ವಯಸ್ಸಿಗೆ! ತಮ್ಮನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವ್ವನೂ ನಕ್ಕಳು. “ಹಿಂಗ ಬರ್ತಿದ್ದಾ ನಿಮ್ಮಪ್ಪ. ಓಣಿ ಆ ತುದ್ಯಾಗ ಇದ್ದಾಗೇ ನಂಗ ಗೊತ್ತಾಗ್ತಿತ್ತು, ಚಾಳೀಸು ಬೇಕಾಗ್ತಿದ್ದಿಲ್ಲ. ರೊಟ್ಟಿ ಹಂಚಿಗೆ ಹಾಕ್ತಿದ್ದೆ” ಎಂದಳು. ಆಮೇಲೆ ಕೌದಿ ನನ್ನ ಬೆನ್ನ ಮೇಲೆ ಎಸೆದು, “ನಡಿ ನೋಡೋಣು” ಎಂದಳು.

ನಡೆದೆ. ಕೌದಿ ಏನು ಭಾರ? ಆದರೂ ಬೆನ್ನ ಮೇಲೆ ಏನೋ ಬಿದ್ದ ಕೂಡಲೇ ಮೊಣಕಾಲು ತಾನೇ ಮಡಚಿಕೊಂಡಿತು. ಬಾವಿಯವರೆಗೆ ಹೋದೆ. ಬಂದೆ. ಸೊಂಟ ಮಾತಾಡಲಿಲ್ಲ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಸುಮ್ಮನಿತ್ತು.

ಡಾಕ್ಟರಮ್ಮನಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ನಿಂತರು. “ಖರೇ ಅದ ಸರ! ಚೀಲ ಹೊರೂವರು ಮೊಣಕಾಲಿಗೆ ಕೀಲಿ ಹಾಕಿದ್ರ ಹಲಿಗಿ ಮ್ಯಾಲೆ ಎರಡ ಹೆಜ್ಜಿಗೆ ಬೀಳ್ತಾರ. ನಿಮ್ಮ ಕಾಲಿಗೆ ಇದು ಮೊದಲಿಂದ ಗೊತ್ತದ. ನಾ ಏನೂ ಹೊಸಾದು ಕಲಸೂದಿಲ್ಲ, ಇದ್ದದ್ದು ಹೊರಗ ಬಂದ್ರ ಸಾಕು.” ಅಂದಿನಿಂದ ನನಗೆ ಔಷಧಿ ಒಂದು ಸಣ್ಣ ಜೋಳದ ಚೀಲ. ಬೆನ್ನ ಮೇಲೆ ಇಟ್ಟುಕೊಂಡು ನಡೆ. ಚೀಲದ ಜೋಳ ದಿನ ದಿನಕ್ಕೆ ಕಡಿಮೆ. ಕೊನೆಗೆ ಬರೀ ಖಾಲಿ ಚೀಲ. ಆಮೇಲೆ ಅದೂ ಇಲ್ಲ. “ಈಗ ಚೀಲ ಇಲ್ರಿ ಸರ. ಆದ್ರ ಅದನ್ನ ಕಾಲಿಗೆ ಹೇಳಬ್ಯಾಡ್ರಿ.”

ಹೇಳಿ ಸಭಿಕರೇ, ಇಂಥ ವೈದ್ಯವನ್ನು ಎಲ್ಲಿ ಕಂಡಿದ್ದೀರಿ? ಗುಳಿಗೆ ಕೊಡದೆ, ಸೂಜಿ ಚುಚ್ಚದೆ, ಒಬ್ಬ ಮನುಷ್ಯನಿಗೆ ಅವನ ಅಪ್ಪನನ್ನು ದವಾ ಎಂದು ಬರೆದುಕೊಟ್ಟವರು ಯಾರಿದ್ದಾರೆ?

ಈ ಸಲದ ಸೆಪ್ಟೆಂಬರ್ ಹದಿನೇಳು ನೀವೆಲ್ಲ ನೋಡಿದ್ದೀರಿ. ಸಮಿತಿಯವರನ್ನು ಡಾಕ್ಟರಮ್ಮನೇ ಒಪ್ಪಿಸಿದರು. ಹುಕುಂ ನಾನೇ ಕೊಟ್ಟೆ. ಭಾಷಣ ಹೋದ ವರ್ಷದಷ್ಟೇ ಉದ್ದವಿತ್ತು. ನಾನು ಸಾವಧಾನ್‌ನಲ್ಲಿ ನಿಂತಿದ್ದೆ, ಪ್ಯಾಂಟಿನ ಒಳಗೆ ಮೊಣಕಾಲು ಸಡಿಲ ಬಿಟ್ಟು, ಯಾರಿಗೂ ಕಾಣದಂತೆ. ಬೀಳಲಿಲ್ಲ. ಮೊದಲ ಸಾಲಿನ ಮಕ್ಕಳಿಗೆ ನಿರಾಸೆಯಾಯಿತು. ಚಪ್ಪಾಳೆ ಬಿತ್ತು. ನಾನು ಗೆದ್ದೆ ಎಂದುಕೊಂಡು, ಧ್ವಜದ ಕಂಬದಿಂದ ಶಾಮಿಯಾನದವರೆಗೆ ಎಡ-ಬಲ, ಎಡ-ಬಲ ಎಂದು ಟಕಟಕ ಬಂದೆ.

ಡಾಕ್ಟರಮ್ಮ ಅಲ್ಲಿ ನಿಂತಿದ್ದರು. “ನಿಂತದ್ದು ಪಾಸ್ ಸರ. ನಡದದ್ದು ಫೇಲ್.”

“ಎಲ್ಲಾರೂ ನೋಡಾಕತ್ತಿದ್ರಲ್ಲವಾ.”

“ಅದಕ್ಕ ಫೇಲ್ರಿ ಸರ. ದವಾಖಾನ್ಯಾಗ ನಡೀತೀರಿ, ನೆಲೋಗ್ಯಾಗ ನಡೀತೀರಿ. ಮಂದಿ ಕಂಡ್ರ ಕೀಲಿ ಹಾಕ್ತೀರಿ. ಮಂದಿ ಮುಂದ ಒಮ್ಮೆ ನಡದ್ರ ಮುಗೀತು, ನೋವು ಮತ್ತ ಬರಂಗಿಲ್ಲ. ಇಲ್ಲಾಂದ್ರ ನಾ ಎಷ್ಟು ತಿಕ್ಕಿದ್ರೂ ಅಷ್ಟ.”

ಅವರು ಹೇಳಿದ್ದು ಸರಿ. ಮರುದಿನದಿಂದ ಸೊಂಟ ಮತ್ತೆ ಮಾತು ಶುರು ಮಾಡಿತು. ಅದಕ್ಕೇ ಈ ಕುರ್ಚಿ ಅಲ್ಲಿಗೆ ಹೋದದ್ದು. ಅವರಿಗೆ ಸನ್ಮಾನ ಎಂದು ಬಳಗದವರು ಹೇಳಲು ಹೋದ ದಿನ ಅವರು ಕೇಳಿದ್ದು ಎರಡೇ: “ಭಾಷಣ ಪರಮೇಶ ಸರ್ ಮಾಡ್ಲಿ. ಶಾಲು ಇರ್ಲಿ ಬಿಡ್ಲಿ, ಕುರ್ಚಿ ನಾ ಹೇಳಿದಲ್ಲೆ ಇಡ್ರಿ.” ಸನ್ಮಾನದ ದಿನವೂ ಚಿಕಿತ್ಸೆ ಬಿಡದವರನ್ನು ಹೊಗಳಲು ನನ್ನ ಬಳಿ ಶಬ್ದವಿಲ್ಲ. ಇದ್ದ ಎರಡು ಶಬ್ದಗಳಲ್ಲಿ ಒಂದನ್ನು ಅವರೇ ಕಸಿದುಕೊಂಡರು, ಇನ್ನೊಂದನ್ನು ಅವರೇ ಕಲಿಸಿದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಖ್ಯ ಅತಿಥಿಗಳು ಎಚ್ಚರಗೊಂಡಿದ್ದಾರೆ, ಅಂದರೆ ಪಲ್ಯ ತಯಾರಾಗಿದೆ. ಇನ್ನು ಎಳೆಯಲು ನನ್ನ ಬಳಿ ಮಾತೂ ಉಳಿದಿಲ್ಲ.

ನನ್ನಂಥ ಕಂಬಕ್ಕೆ ಕಾಲು ಕೊಟ್ಟ ಡಾಕ್ಟರ್ ಅಮೀರುನ್ನಿಸಾ ಅವರಿಗೆ, ಹಳೇ ಚಪ್ಪಲಿ ಹೊತ್ತು ತಂದ ಜಯಮಾಲಾಗೆ, ಈ ಸಲ ಹುಕುಂ ಬಿಟ್ಟುಕೊಟ್ಟ, ಬರುವ ವರ್ಷದಿಂದ ತಾನೇ ಕೊಡಲಿರುವ ಕಲ್ಯಾಣಕುಮಾರನಿಗೆ, ಇಷ್ಟು ಹೊತ್ತು ಕಿವಿ ಕೊಟ್ಟ ಮತ್ತು ಸೊಂಟ ಕೊಟ್ಟ ನಿಮ್ಮೆಲ್ಲರಿಗೆ ನಾನು ಋಣಿ. ಈಗ ನಾನು ಮೈಕು ಬಿಡುತ್ತೇನೆ. ನಗು ಬಂದರೆ ತಡೆಯಬೇಡಿ. ಎಡಗಡೆ ಕೂತವರೂ ನೋಡಬಹುದು, ಇವತ್ತು ಹುಕುಂ ಇಲ್ಲ.

ಅವ್ವಾ, ಚಾಳೀಸು ಹಾಕ್ಕೋ. ಅಪ್ಪ ಬರಾಕತ್ತಾನ.

ಎಲ್ಲರಿಗೂ ನಮಸ್ಕಾರ.